ಬಟನ್ ಒತ್ತಿದರೆ ಸಾಕೇ? ಸಿಎನ್‌ಸಿ ಮೆಷಿನ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ನಿಮ್ಮ ವಾಟ್ಸಾಪ್ ಗುಂಪಿಗೂ ಇಂಥದ್ದೊಂದು ವಿಡಿಯೊ ಬಂದಿರಬಹುದು. ಗಾಜಿನ ಬಾಗಿಲಿನ ಹಿಂದೆ ಅಲ್ಯೂಮಿನಿಯಂ ಗಟ್ಟಿಯೊಂದು ಕುಳಿತಿದೆ. ಮೇಲಿನಿಂದ ಇಳಿಯುವ ಕಟರ್ ಅದನ್ನು ಬೆಣ್ಣೆಯಂತೆ ಕೊರೆಯುತ್ತದೆ, ಹಾಲಿನ ಬಣ್ಣದ ನೀರು ಚಿಮ್ಮುತ್ತದೆ, ಅರ್ಧ ನಿಮಿಷದಲ್ಲಿ ಹೆಲ್ಮೆಟ್ಟೋ ಗಣಪನ ಮೂರ್ತಿಯೋ ಸಿದ್ಧ. ಕೆಳಗೆ ಒಂದು ಬರಹ: ಮನುಷ್ಯನೇ ಬೇಡ, ಬಟನ್ ಒತ್ತಿದರೆ ಸಾಕು, ತಪ್ಪೇ ಆಗುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಸಂದೇಶ: 15 ದಿನದಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್ ಕಲಿಯಿರಿ. ಜೊತೆಗೆ ಎಲ್ಲ ಜಿ ಕೋಡ್‌ಗಳ ಪಟ್ಟಿ, 'ಸೇವ್ ಮಾಡಿಟ್ಟುಕೊಳ್ಳಿ' ಎಂಬ ಸಲಹೆ.

ವಿಡಿಯೊ ಸುಳ್ಳಲ್ಲ, ಕಟ್ ಮಾಡಿದ್ದು ಅಷ್ಟೆ. ಅರ್ಧ ನಿಮಿಷದಲ್ಲಿ ಕಾಣುವುದು ಗಂಟೆಗಟ್ಟಲೆ ನಡೆದ ಕೆಲಸ. ಅದಕ್ಕೂ ಮುಂಚೆ ಯಾರೋ ಒಬ್ಬರು ಆ ಗಟ್ಟಿಯನ್ನು ಹಿಡಿದು ಕೂರಿಸಿದ್ದು, ಕಟರ್‌ಗಳನ್ನು ಅಳೆದದ್ದು, ಮೊದಲ ತುಂಡನ್ನು ಉಸಿರು ಬಿಗಿಹಿಡಿದು ನಡೆಸಿದ್ದು, ಬಹುಶಃ ಒಂದೆರಡು ತುಂಡು ಹಾಳು ಮಾಡಿದ್ದು ವಿಡಿಯೊದಲ್ಲಿ ಇರುವುದಿಲ್ಲ. ಸಿಎನ್‌ಸಿ ಕೆಲಸ ಎಂದರೆ ಹೆಚ್ಚಿನ ಪಾಲು ಅದೇ.

ಇದನ್ನು ಬರೆಯಲು ಕಾರಣವಿದೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿಯಂಥ ಕಡೆಗಳಲ್ಲಿ ಸಾವಿರಾರು ಸಣ್ಣ ಶೆಡ್‌ಗಳು ನಡೆಯುವುದೇ ಈ ಮೆಷಿನ್‌ಗಳ ಮೇಲೆ. ಊರಿನಿಂದ ಬಂದ ಹುಡುಗ ಫಾರ್ವರ್ಡ್ ನೋಡಿ ಕಲಿತ ಮಾತುಗಳನ್ನು ನಂಬಿ ರಾತ್ರಿ ಶಿಫ್ಟ್‌ನಲ್ಲಿ ಒಬ್ಬನೇ ನಿಂತರೆ ಹೋಗುವುದು ಅವನ ಬೆರಳು. ಇಲ್ಲವೇ ಸಾಲ ಮಾಡಿ ಮೆಷಿನ್ ತಂದವರ ಸ್ಪಿಂಡಲ್. ಹಾಗಾಗಿ ಹೆಚ್ಚು ಹರಿದಾಡುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

'ಮೆಷಿನ್ ತಪ್ಪು ಮಾಡುವುದಿಲ್ಲ'

ಅರ್ಧ ನಿಜ. ಹೇಳಿದ್ದನ್ನು ಹೇಳಿದಂತೆ ಮಾಡುವುದರಲ್ಲಿ ಸಿಎನ್‌ಸಿಯನ್ನು ಮೀರಿಸುವವರಿಲ್ಲ. ಅಪಾಯವೂ ಅದೇ.

ಸಿಎನ್‌ಸಿ ಎಂದರೆ ಕಂಪ್ಯೂಟರ್ ಅಂಕಿಗಳಿಂದ ನಡೆಸುವ ಯಂತ್ರ. ಈ ಆಲೋಚನೆ ಹುಟ್ಟಿದ್ದು ಅಮೆರಿಕದಲ್ಲಿ. ಹೆಲಿಕಾಪ್ಟರ್ ರೆಕ್ಕೆಗಳ ತಯಾರಿಕೆಯಲ್ಲಿದ್ದ ಜಾನ್ ಪಾರ್ಸನ್ಸ್ ಎಂಬವರ ಕಲ್ಪನೆಯನ್ನು ಹಿಡಿದು, ಅಲ್ಲಿನ ವಾಯುಪಡೆಯ ಹಣದಲ್ಲಿ ಎಂಐಟಿ ಸಂಸ್ಥೆ 1952ರಲ್ಲಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಮೆಷಿನ್ ಒಂದನ್ನು ತೋರಿಸಿತು. ಆಗ ತೂತು ಹೊಡೆದ ಟೇಪ್ ಇತ್ತು, ಈಗ ಪೆನ್‌ಡ್ರೈವ್ ಇದೆ. ನಡುವೆ ಬಹಳಷ್ಟು ಬದಲಾಗಿದೆ. ಒಂದು ಮಾತ್ರ ಹಾಗೇ ಉಳಿದಿದೆ: ಮೆಷಿನ್‌ಗೆ ಕಣ್ಣಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿದವರಿಗೆ 'ಬಾಗಿಲಿನಿಂದ ಹತ್ತು ಹೆಜ್ಜೆ ಮುಂದೆ, ಮೂರು ಹೆಜ್ಜೆ ಎಡಕ್ಕೆ' ಎಂದು ಹೇಳುತ್ತೀರಿ ಎಂದುಕೊಳ್ಳಿ. ಅವರು ತಪ್ಪದೆ ನಡೆಯುತ್ತಾರೆ. ಆದರೆ ಬಾಗಿಲು ಎಲ್ಲಿದೆ ಎಂದು ನೀವು ತಪ್ಪಾಗಿ ತೋರಿಸಿದ್ದರೆ ಗೋಡೆಗೆ ಗುದ್ದುತ್ತಾರೆ. ಮೆಷಿನ್‌ಗೆ ಆ ಬಾಗಿಲು ಎಂದರೆ ಜಾಬ್‌ನ ಸೊನ್ನೆ ಬಿಂದು, ಅಂದರೆ ವರ್ಕ್ ಆಫ್‌ಸೆಟ್. ಪ್ರೋಗ್ರಾಮ್‌ನಲ್ಲಿ ಜಿ54 ಎಂದು ಬರೆಯುವುದು ಅದಕ್ಕೆ. ಇನ್ನೊಂದು, ಪ್ರತಿ ಕಟರ್ ಎಷ್ಟು ಉದ್ದವಿದೆ ಎಂಬ ಲೆಕ್ಕ, ಅಂದರೆ ಟೂಲ್ ಆಫ್‌ಸೆಟ್. ಈ ಎರಡೂ ಪ್ರೋಗ್ರಾಮ್‌ನ ಒಳಗೆ ಇರುವುದಿಲ್ಲ. ಜಾಬ್ ಸೆಟ್ ಮಾಡುವವರು ಅಳೆದು ಬೇರೆಯಾಗಿ ತುಂಬಿಸಬೇಕು. ಪ್ರೋಗ್ರಾಮ್ ನೂರಕ್ಕೆ ನೂರು ಸರಿಯಿದ್ದೂ ಐದನೇ ಟೂಲ್‌ಗೆ ಆರನೇ ಟೂಲ್‌ನ ಉದ್ದ ಬಿದ್ದರೆ ಕಟರ್ ಸೀದಾ ವೈಸ್‌ನೊಳಗೆ ಇಳಿಯುತ್ತದೆ. ಮೆಷಿನ್ ತನ್ನ ಪಾಲಿಗೆ ಒಂದು ತಪ್ಪನ್ನೂ ಮಾಡಿರುವುದಿಲ್ಲ.

ಜಾಬ್ ಮುಟ್ಟಿ ನೋಡುವ ಪ್ರೋಬ್, ಸ್ಪಿಂಡಲ್ ಮೇಲೆ ಭಾರ ಹೆಚ್ಚಾದರೆ ನಿಲ್ಲಿಸುವ ವ್ಯವಸ್ಥೆ ಇರುವ ಮೆಷಿನ್‌ಗಳೂ ಇವೆ. ಅವಿದ್ದರೆ ಒಳ್ಳೆಯದೇ. ಆದರೆ ಆ ಪ್ರೋಬ್‌ಗೂ ಎಲ್ಲಿ ಮುಟ್ಟಬೇಕು ಎಂದು ಒಬ್ಬರು ಹೇಳಿಯೇ ಇರಬೇಕು.

ಕಂಪ್ಯೂಟರ್ ಪರದೆಯ ಮೇಲೆ ಸಿಮ್ಯುಲೇಶನ್ ನೋಡಿಯಾಯಿತು, ಇನ್ನು ಭಯವಿಲ್ಲ ಎನ್ನುವವರಿದ್ದಾರೆ. ಪರದೆ ನೋಡುವುದು ಕಟರ್‌ನ ದಾರಿಯನ್ನು. ನೀವು ಹಾಕಿದ ಕ್ಲಾಂಪ್‌ನ ಬೋಲ್ಟ್ ಎಷ್ಟು ಎತ್ತರಕ್ಕೆ ನಿಂತಿದೆ, ಹೋಲ್ಡರ್‌ನಿಂದ ಕಟರ್ ಎಷ್ಟು ಹೊರಬಂದಿದೆ, ನೀವು ತುಂಬಿಸಿದ ಆಫ್‌ಸೆಟ್ ಸರಿಯೇ ಎಂಬುದು, ಅದನ್ನೆಲ್ಲ ಸಾಫ್ಟ್‌ವೇರ್‌ಗೆ ಬಿಡಿಸಿ ಹೇಳದ ಹೊರತು, ಅದಕ್ಕೆ ತಿಳಿಯದು.

ಒಂದು ಚುಕ್ಕೆ ಮಾಡುವ ಅನಾಹುತ

ಜಿ ಕೋಡ್ ಪಟ್ಟಿ ಸೇವ್ ಮಾಡಿಟ್ಟುಕೊಂಡವರಿಗೆ ಆ ಪಟ್ಟಿ ಹೇಳದ ಸಂಗತಿಯೊಂದಿದೆ. ಫ್ಯಾನಕ್ ಮಾದರಿಯ ಅನೇಕ ಕಂಟ್ರೋಲ್‌ಗಳಲ್ಲಿ 'ಝಡ್100.' ಎಂದು ಚುಕ್ಕೆ ಇಟ್ಟು ಬರೆದರೆ 100 ಮಿಲಿಮೀಟರ್. ಚುಕ್ಕೆ ಮರೆತು 'ಝಡ್100' ಎಂದರೆ 100 ಮೈಕ್ರಾನ್, ಅಂದರೆ 0.1 ಮಿ.ಮೀ. ಕಟರ್ ಜಾಬ್‌ನ ಮೇಲೆ ಸುಮಾರು ಅರ್ಧ ಗೇಣು ಎದ್ದು ಪಕ್ಕಕ್ಕೆ ಹೋಗುತ್ತದೆ ಎಂದು ನೀವು ಕಾದಿರುತ್ತೀರಿ. ಅದು ಒಂದು ಕಾಗದದ ದಪ್ಪದಷ್ಟು ಮಾತ್ರ ಎದ್ದು, ಪೂರ್ತಿ ವೇಗದಲ್ಲಿ ಪಕ್ಕಕ್ಕೆ ಹಾರಿ, ಕ್ಲಾಂಪ್‌ಗೆ ಅಪ್ಪಳಿಸುತ್ತದೆ.

ಸೀಮೆನ್ಸ್ ಕಂಟ್ರೋಲ್‌ನಲ್ಲಿ ಅದೇ ಸಾಲು 100 ಮಿ.ಮೀ. ಎಂದೇ ಅರ್ಥ. ಫ್ಯಾನಕ್‌ನಲ್ಲೂ ಒಂದು ಪ್ಯಾರಾಮೀಟರ್ ಬದಲಿಸಿದರೆ ಚುಕ್ಕೆಯಿಲ್ಲದ ಅಂಕಿಯನ್ನು ಮಿಲಿಮೀಟರ್ ಎಂದು ಓದುವಂತೆ ಮಾಡಬಹುದು. ಅಂದರೆ ಒಂದೇ ಶೆಡ್‌ನಲ್ಲಿ ಪಕ್ಕಪಕ್ಕ ನಿಂತ ಎರಡು ಮೆಷಿನ್‌ಗಳು ಒಂದೇ ಸಾಲನ್ನು ಬೇರೆ ಬೇರೆಯಾಗಿ ಓದಬಲ್ಲವು. ಅದಕ್ಕೇ ಹಳಬರು ಬೇಕಿರಲಿ ಬೇಡದಿರಲಿ, ಪ್ರತಿ ಅಳತೆಯ ಅಂಕಿಗೂ ಚುಕ್ಕೆ ಇಡುತ್ತಾರೆ. ಇದು ಅವರ ಚಾಳಿಯಲ್ಲ, ಪೆಟ್ಟು ತಿಂದು ಕಲಿತ ಪಾಠ.

ಆಫ್‌ಸೆಟ್ ತಿದ್ದುವಾಗ ಇನ್ನೊಂದು ಗುಂಡಿ ಇದೆ. ಲೇತ್‌ನಲ್ಲಿ 30.00 ಮಿ.ಮೀ. ಬರಬೇಕಿದ್ದ ಜಾಬ್ 30.04 ಬಂದಿದೆ. ಟೂಲ್ ಸವೆದಿದ್ದಕ್ಕೆಂದು ಹಿಂದಿನ ಶಿಫ್ಟ್‌ನವರು ಅಲ್ಲಿ ಈಗಾಗಲೇ ಮೈನಸ್ 0.10 ಹಾಕಿದ್ದಾರೆ. ನೀವು ಮೈನಸ್ 0.04 ಟೈಪ್ ಮಾಡಿ 'ಪ್ಲಸ್ ಇನ್‌ಪುಟ್' ಒತ್ತಿದರೆ ಹಳೆಯದಕ್ಕೆ ಕೂಡಿ ಮೈನಸ್ 0.14 ಆಗುತ್ತದೆ, ಜಾಬ್ ಸರಿಯಾಗುತ್ತದೆ. ಬರಿ 'ಇನ್‌ಪುಟ್' ಒತ್ತಿದರೆ ಹಳೆಯದು ಅಳಿಸಿಹೋಗಿ ಮೈನಸ್ 0.04 ಮಾತ್ರ ಉಳಿಯುತ್ತದೆ, ಮುಂದಿನ ಜಾಬ್ 30.10 ಬರುತ್ತದೆ. ಪಕ್ಕಪಕ್ಕದ ಎರಡು ಗುಂಡಿ, ಅಷ್ಟೇ ವ್ಯತ್ಯಾಸ. ಈ ಲೆಕ್ಕದಲ್ಲಿ ದಪ್ಪ ಬಂದಿದ್ದರಿಂದ ಮತ್ತೆ ತಿದ್ದಬಹುದು. ಉಲ್ಟಾ ಆಗಿ ಸಣ್ಣ ಬಂದಿದ್ದರೆ ಜಾಬ್ ಗುಜರಿಗೆ.

ಮೊದಲ ತುಂಡಿನ ಹತ್ತು ನಿಮಿಷ

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂಬುದು ನಮ್ಮ ಅಭಿಪ್ರಾಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಕಟರ್ ಲೋಹ ಮುಟ್ಟದೆ ಖಾಲಿ ಓಡುವ ವೇಗಕ್ಕೆ ರ್ಯಾಪಿಡ್ ಎನ್ನುತ್ತಾರೆ. ನಿಮಿಷಕ್ಕೆ 30 ಮೀಟರ್ ರ್ಯಾಪಿಡ್ ಇರುವ ಮೆಷಿನ್ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. 50 ಮಿ.ಮೀ. ದಾಟಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಅದರ ದುಪ್ಪಟ್ಟು ಸಮಯ ಬೇಕು. ಹಾಗಾಗಿ 'ಎಮರ್ಜೆನ್ಸಿ ಸ್ಟಾಪ್ ಮೇಲೆ ಕೈ ಇಟ್ಟುಕೊಂಡಿದ್ದೇನೆ, ಏನಾಗಲ್ಲ' ಎನ್ನುವುದು ಪೂರ್ತಿ ವೇಗದಲ್ಲಿ ಬರೀ ಸಮಾಧಾನ. ನೀವು ಒತ್ತುವ ಹೊತ್ತಿಗೆ ಗುದ್ದಿ ಆಗಿರುತ್ತದೆ.

ರ್ಯಾಪಿಡ್ ಓವರ್‌ರೈಡ್ ಅನ್ನು ಶೇ 25ಕ್ಕೆ ಇಳಿಸಿದರೂ ಆ 50 ಮಿ.ಮೀ. ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಶೇ 5ಕ್ಕೆ ಅಥವಾ ಮೆಷಿನ್‌ನಲ್ಲಿರುವ ಅತಿ ಕಡಿಮೆ ಹಂತಕ್ಕೆ ಇಳಿಸಿದರೆ ಎರಡು ಸೆಕೆಂಡ್ ಸಿಗುತ್ತದೆ. ಅಷ್ಟು ಸಾಕು. ಸಿಂಗಲ್ ಬ್ಲಾಕ್ ಹಾಕಿದರೆ ಪ್ರತಿ ಸಾಲು ಮುಗಿದಾಗ ಮೆಷಿನ್ ನಿಂತು ನಿಮ್ಮನ್ನು ಕೇಳುತ್ತದೆ. ಒಂದು ಹೆಬ್ಬೆರಳು ಫೀಡ್ ಹೋಲ್ಡ್ ಮೇಲೆ.

ಈಗ ಕಣ್ಣು ಎಲ್ಲಿರಬೇಕು? ಹೊಸಬರು ಕಟರ್ ಅನ್ನೇ ನೋಡುತ್ತಾರೆ. ಸ್ಕ್ರೀನ್‌ನಲ್ಲಿ 'ಡಿಸ್ಟೆನ್ಸ್ ಟು ಗೋ' ಎಂಬ ಅಂಕಿ ಇರುತ್ತದೆ, ಈ ಸಾಲು ಮುಗಿಯಲು ಇನ್ನೆಷ್ಟು ದೂರ ಬಾಕಿ ಎಂಬ ಲೆಕ್ಕ ಅದು. ಟೂಲ್ ಇಳಿಯುತ್ತಾ ಇರುವಾಗ ಅರ್ಧದಲ್ಲಿ ಫೀಡ್ ಹೋಲ್ಡ್ ಒತ್ತಿ ಆ ಅಂಕಿ ನೋಡಿ. ಇನ್ನೂ 80 ಮಿ.ಮೀ. ಬಾಕಿ ಎನ್ನುತ್ತಿದೆ, ಆದರೆ ಟೂಲ್ ಮತ್ತು ಜಾಬ್ ನಡುವೆ ಎರಡು ಬೆರಳಿನ ಜಾಗ ಮಾತ್ರ ಕಾಣುತ್ತಿದೆ. ಮುಂದೆ ಒತ್ತಬೇಡಿ, ಆಫ್‌ಸೆಟ್ ತಪ್ಪಾಗಿದೆ. ಎರಡೂ ಹೊಂದಿದರೆ ಮುಂದುವರಿಯಿರಿ. ಪ್ರತಿ ಟೂಲ್‌ಗೂ ಮೊದಲ ಸಲ ಹೀಗೆ ನಿಲ್ಲಿಸಿ ನೋಡುವುದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಪ್ರೋಗ್ರಾಮ್ ಬರೆಯುವವರು ಪ್ರತಿ ಟೂಲ್ ಮೊದಲು ಜಾಬ್‌ನ ಮೇಲೆ 50 ಮಿ.ಮೀ. ಎತ್ತರದಲ್ಲಿ ಬಂದು ನಿಲ್ಲುವಂತೆ ಬರೆದರೆ ಈ ಪರೀಕ್ಷೆ ಇನ್ನೂ ಸುಲಭ, ನಡುವೆ ಸ್ಕೇಲ್ ಇಟ್ಟು ನೋಡಿದರೂ ಆಯಿತು. ಸ್ಪಿಂಡಲ್ ನಿಲ್ಲಿಸಿದ ಮೇಲೆ ಎಂದು ಹೇಳಬೇಕಿಲ್ಲ.

ಇನ್ನೂ ಭಯವಿದ್ದರೆ ವರ್ಕ್ ಆಫ್‌ಸೆಟ್ ಅನ್ನು ಝಡ್ ದಿಕ್ಕಿನಲ್ಲಿ 100 ಮಿ.ಮೀ. ಮೇಲಕ್ಕೆ ಎತ್ತಿ ಗಾಳಿಯಲ್ಲಿ ಒಮ್ಮೆ ಓಡಿಸಿ. ಅದನ್ನು ಮತ್ತೆ ಸೊನ್ನೆಗೆ ತರಲು ಮರೆಯದಂತೆ ಕಂಟ್ರೋಲ್ ಮೇಲೆ ಚೀಟಿ ಅಂಟಿಸಿ. ಡ್ರೈ ರನ್ ಗುಂಡಿಯ ಬಗ್ಗೆ ಮಾತ್ರ ಎಚ್ಚರ. ಹೆಸರು ಕೇಳಿ ಅದು ಸುರಕ್ಷಿತ ಎಂದುಕೊಳ್ಳುತ್ತಾರೆ. ಫ್ಯಾನಕ್‌ನಲ್ಲಿ ಡ್ರೈ ರನ್ ಆನ್ ಇದ್ದರೆ ಪ್ರೋಗ್ರಾಮ್‌ನಲ್ಲಿ ಬರೆದ ಫೀಡ್ ಬಿಟ್ಟು ಜಾಗ್ ಸ್ವಿಚ್‌ನಲ್ಲಿರುವ ವೇಗದಲ್ಲಿ ಮೆಷಿನ್ ಓಡುತ್ತದೆ. ಜಾಬ್ ಹಿಡಿದಿರುವಾಗ ಆ ಗುಂಡಿ ಆನ್ ಉಳಿದಿದ್ದರೆ ಕಟರ್ ಮುರಿಯುವುದು ಖಚಿತ ಎನ್ನಬಹುದು.

'ಫ್ರೆಂಡ್ ಕಳಿಸಿದ ಪ್ರೋಗ್ರಾಮ್, ಅವನಲ್ಲಿ ಓಡಿದೆ'

ಅವರಲ್ಲಿ ಓಡಿರಬಹುದು. ಜಿ ಕೋಡ್ ಎಲ್ಲೆಡೆ ಒಂದೇ ಭಾಷೆ ಎಂಬ ಮಾತು ಸರಿಯಲ್ಲ. ಕನ್ನಡವೂ ಮಂಗಳೂರಲ್ಲೊಂದು, ಧಾರವಾಡದಲ್ಲೊಂದು, ಮೈಸೂರಲ್ಲೊಂದು ಇದ್ದಂತೆ ಇದೂ ಕಂಟ್ರೋಲ್‌ನಿಂದ ಕಂಟ್ರೋಲ್‌ಗೆ ಬದಲಾಗುತ್ತದೆ. ಎಂ ಕೋಡ್‌ಗಳಲ್ಲಿ ಹಲವನ್ನು ಮೆಷಿನ್ ಕಟ್ಟಿದ ಕಂಪನಿಯೇ ನಿರ್ಧರಿಸಿರುತ್ತದೆ. ಒಂದರಲ್ಲಿ ಚಕ್ ಬಿಗಿಯುವ ಕೋಡ್ ಇನ್ನೊಂದರಲ್ಲಿ ಬೇರೇನನ್ನೋ ಮಾಡಬಹುದು.

ಲೇತ್‌ನ ಒಂದು ಸಾಲಿನ ಬಗ್ಗೆ ವಿಶೇಷವಾಗಿ ಹೇಳಬೇಕು. ನಮ್ಮ ಕಡೆಯ ಶೆಡ್‌ಗಳಲ್ಲಿ ಬರಿ 'ಸಿಎನ್‌ಸಿ' ಎಂದರೆ ಸಾಮಾನ್ಯವಾಗಿ ಲೇತ್, ಮಿಲ್ಲಿಂಗ್ ಆದರೆ 'ವಿಎಂಸಿ' ಎನ್ನುತ್ತಾರೆ. ಲೇತ್‌ನಲ್ಲಿ ಜಿ96 ಹಾಕಿದರೆ ಜಾಬ್‌ನ ಮೇಲ್ಮೈ ಒಂದೇ ವೇಗದಲ್ಲಿ ಕಟ್ ಆಗುವಂತೆ ಮೆಷಿನ್ ತಾನೇ ಸುತ್ತು ಬದಲಿಸಿಕೊಳ್ಳುತ್ತದೆ. ನಿಮಿಷಕ್ಕೆ 200 ಮೀಟರ್ ಎಂದು ಕೊಟ್ಟಿದ್ದರೆ 50 ಮಿ.ಮೀ. ವ್ಯಾಸದಲ್ಲಿ ಸುಮಾರು 1,270 ಸುತ್ತು. ಟೂಲ್ ಒಳಕ್ಕೆ ಬಂದು 10 ಮಿ.ಮೀ. ತಲುಪಿದಾಗ ಅದು ಸುಮಾರು 6,370. ನಡುಮಧ್ಯಕ್ಕೆ ಬರುವಾಗ ಲೆಕ್ಕಕ್ಕೆ ಮಿತಿಯೇ ಇಲ್ಲ, ಮೆಷಿನ್ ತನ್ನ ಗರಿಷ್ಠ ವೇಗಕ್ಕೆ ಏರುತ್ತದೆ. ಅದಕ್ಕೆ ಕಡಿವಾಣವಾಗಿ ಫ್ಯಾನಕ್ ಲೇತ್‌ಗಳಲ್ಲಿ ಸಾಮಾನ್ಯವಾಗಿ 'ಜಿ50 ಎಸ್2000' ಎಂಬಂಥ ಸಾಲು ಮೊದಲೇ ಇರಬೇಕು, 2,000 ಸುತ್ತು ಮೀರಬೇಡ ಎಂದು ಅದರ ಅರ್ಥ. ಆ ಸಾಲು ಇಲ್ಲದ ಪ್ರೋಗ್ರಾಮ್ ಚಿಕ್ಕ, ಗುಂಡಗಿನ ಜಾಬ್‌ನಲ್ಲಿ ಓಡಿಬಿಡುತ್ತದೆ. ದೊಡ್ಡ, ಒಂದು ಕಡೆ ಭಾರವಿರುವ ಎರಕದ ಜಾಬ್ ಹಿಡಿದಾಗ ಕಥೆ ಬೇರೆ. ವೇಗ ದುಪ್ಪಟ್ಟಾದರೆ ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟಾಗುತ್ತದೆ, ಹೊರಗಿನಿಂದ ಹಿಡಿದ ಚಕ್‌ನ ಜಾಗಳ ಹಿಡಿತ ಸಡಿಲಾಗುತ್ತದೆ, ಜಾಬ್ ಎದ್ದು ಹಾರುತ್ತದೆ. ಬಾಗಿಲಿನ ಗಾಜು ಎಂದು ನಾವು ಕರೆಯುವುದು ವಾಸ್ತವದಲ್ಲಿ ಪಾಲಿಕಾರ್ಬೊನೇಟ್ ಹಾಳೆ, ಕೂಲೆಂಟ್ ತಾಗಿ ತಾಗಿ ವರ್ಷಗಳಲ್ಲಿ ಅದರ ಗಟ್ಟಿತನ ಕುಗ್ಗುತ್ತದೆ. ಮಸುಕಾಗಿ ಬಿರುಕು ಬಿಟ್ಟ ಕಿಟಕಿ ಬರೀ ನೋಡಲು ಕೆಟ್ಟದ್ದಲ್ಲ, ಅದನ್ನು ಬದಲಿಸಲೇಬೇಕು.

ಈಗ ಚಾಟ್‌ಬಾಟ್ ಕೇಳಿ ಪ್ರೋಗ್ರಾಮ್ ಬರೆಸುವವರೂ ಇದ್ದಾರೆ. ಅದಕ್ಕೂ ಇದೇ ಮಾತು. ಕೋಡ್ ಚೆಂದ ಕಾಣುತ್ತದೆ, ಆದರೆ ನಿಮ್ಮ ಚಕ್ ಯಾವುದು, ನಿಮ್ಮ ಕಂಟ್ರೋಲ್ ಚುಕ್ಕೆಯನ್ನು ಹೇಗೆ ಓದುತ್ತದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಎಲ್ಲಿಂದ ಬಂದ ಪ್ರೋಗ್ರಾಮೇ ಆಗಲಿ, ಅದು ನಿಮ್ಮ ಮೆಷಿನ್‌ಗೆ ಹೊಸದೇ.

ಕರೆಂಟ್ ಹೋಗಿ ಬಂದಾಗ ಮಾಡುವ ತಪ್ಪು ಇದಕ್ಕೆ ಹತ್ತಿರದ್ದು. ಕಟ್ ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಬಂದ ಕೂಡಲೇ ಅರ್ಧ ಉಳಿದ ಸಾಲಿಗೇ ಕರ್ಸರ್ ತಂದು ಸ್ಟಾರ್ಟ್ ಒತ್ತುತ್ತಾರೆ. ಮೇಲಿನ ಸಾಲುಗಳಲ್ಲಿ ಹೇಳಿದ್ದ ಸ್ಪಿಂಡಲ್ ಸುತ್ತು, ಟೂಲ್ ಉದ್ದ, ಯಾವ ಸೊನ್ನೆ ಎಂಬುದೆಲ್ಲ ಈಗ ಮೆಷಿನ್‌ಗೆ ನೆನಪಿಲ್ಲದಿರಬಹುದು. ಸುತ್ತದೆ ನಿಂತ ಕಟರ್ ಲೋಹಕ್ಕೆ ನುಗ್ಗುತ್ತದೆ. ಮೊದಲು ಟೂಲ್ ಅನ್ನು ನಿಧಾನವಾಗಿ ಜಾಬ್‌ನಿಂದ ಹೊರತನ್ನಿ, ಅಂಚು ಮುರಿದಿದೆಯೇ ನೋಡಿ, ಆ ಟೂಲ್ ಶುರುವಾಗುವ ಸಾಲಿನಿಂದ ಮತ್ತೆ ಓಡಿಸಿ. ಐದು ನಿಮಿಷ ಗಾಳಿ ಕಟ್ ಮಾಡಿದರೆ ನಷ್ಟವೇನಿಲ್ಲ.

'ನಿಧಾನವಾಗಿ ಓಡಿಸಿದರೆ ಟೂಲ್ ಬಾಳುತ್ತದೆ'

ಬೈಕ್‌ಗೆ ಸರಿ, ಕಟರ್‌ಗೆ ಅಲ್ಲ. ಲೆಕ್ಕ ನೋಡಿ. ಸುತ್ತು ಕಂಡುಹಿಡಿಯಲು ಕಟಿಂಗ್ ವೇಗವನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಬೇಕು. ಮೈಲ್ಡ್ ಸ್ಟೀಲ್‌ನಲ್ಲಿ 10 ಮಿ.ಮೀ. ಎಚ್‌ಎಸ್‌ಎಸ್ ಡ್ರಿಲ್‌ಗೆ ನಿಮಿಷಕ್ಕೆ 25 ಮೀಟರ್ ಹಿಡಿದರೆ ಸುಮಾರು 800 ಸುತ್ತು. ಅದೇ ಅಳತೆಯ ಕಾರ್ಬೈಡ್ ಎಂಡ್ ಮಿಲ್‌ಗೆ 100 ಮೀಟರ್ ಹಿಡಿದರೆ ಸುಮಾರು 3,200. ನಾಲ್ಕು ಹಲ್ಲಿನ ಕಟರ್, ಹಲ್ಲಿಗೆ 0.05 ಮಿ.ಮೀ. ಎಂದರೆ ಫೀಡ್ ನಿಮಿಷಕ್ಕೆ 640 ಮಿ.ಮೀ.

ಹೆದರಿ ಫೀಡ್ ಓವರ್‌ರೈಡ್ ಅನ್ನು ಶೇ 10ಕ್ಕೆ ತಿರುಗಿಸಿದರೆ ಒಂದೊಂದು ಹಲ್ಲಿಗೆ ಸಿಗುವುದು 5 ಮೈಕ್ರಾನ್ ಮಾತ್ರ. ಕಟರ್ ಅಂಚಿನ ಮೊಂಡುತನವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಆಗ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಬಿಸಿ ಚಿಪ್ಸ್ ಜೊತೆ ಹೊರಹೋಗುವ ಬದಲು ಅಂಚಿನಲ್ಲೇ ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಉಜ್ಜಿದಷ್ಟೂ ಮೇಲ್ಪದರ ಗಟ್ಟಿಯಾಗುತ್ತದೆ, ಮುಂದಿನ ಹಲ್ಲಿಗೆ ಇನ್ನೂ ಕಷ್ಟ. ಮೊದಲ ತುಂಡಿನಲ್ಲಿ ನಿಧಾನ ಮಾಡಬೇಕಾದದ್ದು ರ್ಯಾಪಿಡ್ ಅನ್ನು, ಕಟಿಂಗ್ ಫೀಡ್ ಅನ್ನಲ್ಲ. ಈ ಎರಡನ್ನು ಕಲಸಿಕೊಂಡವರೇ ಹೆಚ್ಚು.

ಕೂಲೆಂಟ್ ಎಷ್ಟು ಸುರಿದರೂ ಒಳ್ಳೆಯದು ಎಂಬುದೂ ಹೀಗೇ. ಡ್ರಿಲ್ಲಿಂಗ್‌ಗೆ, ಅಲ್ಯೂಮಿನಿಯಂಗೆ ಬೇಕೇ ಬೇಕು. ಆದರೆ ಕಾರ್ಬೈಡ್ ಇನ್ಸರ್ಟ್‌ನಲ್ಲಿ ಸ್ಟೀಲ್ ಮಿಲ್ ಮಾಡುವಾಗ ಪ್ರತಿ ಸುತ್ತಿಗೂ ಅಂಚು ಕಾಯುತ್ತದೆ, ತಣ್ಣಗಾಗುತ್ತದೆ. ನೀರು ಬಿದ್ದರೆ ಬಿಸಿ ಗಾಜಿಗೆ ತಣ್ಣೀರು ಸುರಿದಂತೆ ಸಣ್ಣ ಬಿರುಕುಗಳು ಏಳುತ್ತವೆ. ಅಲ್ಲಿ ಬಹಳ ಸಲ ಬರೀ ಗಾಳಿಯೇ ಮೇಲು.

ಸ್ಕ್ರೀನ್‌ನಲ್ಲಿ ಮೈಕ್ರಾನ್, ಕೈಯಲ್ಲಿ ಬಿಸಿ

'0.001 ಮಿ.ಮೀ. ನಿಖರತೆ' ಎಂಬುದು ವಿಡಿಯೊಗಳಿಗೆ ಪ್ರಿಯವಾದ ಸಾಲು. ಸ್ಕ್ರೀನ್ ಒಂದು ಮೈಕ್ರಾನ್‌ವರೆಗೆ ಅಂಕಿ ತೋರಿಸುವುದು ನಿಜ. ಜಾಬ್ ಅಷ್ಟೇ ನಿಖರ ಬರುತ್ತದೆ ಎಂದು ಅದರ ಅರ್ಥವಲ್ಲ. ತಕ್ಕಡಿ ಗ್ರಾಂ ತೋರಿಸಿದ ಮಾತ್ರಕ್ಕೆ ತೂಕ ಸರಿಯಿರಬೇಕೆಂದಿಲ್ಲವಲ್ಲ.

ಉಕ್ಕು ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 23. ಡ್ರಾಯಿಂಗ್‌ನಲ್ಲಿರುವ ಅಳತೆ 20 ಡಿಗ್ರಿಯ ಲೆಕ್ಕಕ್ಕೆ. ಏಪ್ರಿಲ್‌ನಲ್ಲಿ ಶೀಟ್ ಛಾವಣಿಯ ಶೆಡ್ ಎಷ್ಟು ಕಾದಿರುತ್ತದೆ ಎಂಬುದು ಅಲ್ಲಿ ನಿಂತವರಿಗೆ ಗೊತ್ತು. 30 ಮಿ.ಮೀ. ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ಎಚ್6 ಎಂಬ ಟಾಲರೆನ್ಸ್ ಕೊಟ್ಟಿದ್ದರೆ ಹೆಚ್ಚುಕಡಿಮೆಗೆ ಇರುವ ಅವಕಾಶ ಒಟ್ಟು 13 ಮೈಕ್ರಾನ್. ಕಟ್ ಮಾಡಿದ ಕೂಡಲೇ ಜಾಬ್ 20 ಡಿಗ್ರಿ ಹೆಚ್ಚು ಬಿಸಿಯಿದ್ದಾಗ ಅಳೆದರೆ ಅದು ಸುಮಾರು 7 ಮೈಕ್ರಾನ್ ದಪ್ಪ ಕಾಣುತ್ತದೆ. ಅವಕಾಶದ ಅರ್ಧವನ್ನು ಬಿಸಿಯೇ ತಿಂದಿತು. ಆ ಅಳತೆ ನಂಬಿ ಆಫ್‌ಸೆಟ್ ತಿದ್ದಿದರೆ ಸಂಜೆ ಇನ್‌ಸ್ಪೆಕ್ಷನ್‌ನಲ್ಲಿ ಎಲ್ಲ ಸಣ್ಣ. ಜಾಬ್ ಮತ್ತು ಮೈಕ್ರೋಮೀಟರ್ ಎರಡೂ ಒಂದೇ ಬಿಸಿಗೆ ಬರುವವರೆಗೆ ಬಿಡಿ. ಎರಡೂ ಉಕ್ಕಾದರೆ ತಪ್ಪು ಬಹುಪಾಲು ಪರಸ್ಪರ ಕಳೆದುಹೋಗುತ್ತದೆ. ಅಲ್ಯೂಮಿನಿಯಂ ಜಾಬ್‌ಗೆ ಆ ರಿಯಾಯಿತಿ ಇಲ್ಲ.

ಬೆಳಗ್ಗೆ ತಣ್ಣಗಿರುವ ಸ್ಪಿಂಡಲ್ ಕಾದ ಮೇಲೆ ತಾನೂ ಉದ್ದವಾಗುತ್ತದೆ. ಹತ್ತಿಪ್ಪತ್ತು ನಿಮಿಷ ಖಾಲಿ ಓಡಿಸಿ ಶುರು ಮಾಡುವುದು ಅದಕ್ಕೆ.

'ಗ್ಲೌಸ್ ಹಾಕಿದರೆ ಕೈ ಸುರಕ್ಷಿತ'

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಸುರಕ್ಷತೆಯ ಹೆಸರಿನಲ್ಲಿ ಬರುವುದರಿಂದ ಯಾರೂ ಪ್ರಶ್ನಿಸುವುದಿಲ್ಲ. ಸುತ್ತುತ್ತಿರುವ ಚಕ್ ಅಥವಾ ಕಟರ್‌ಗೆ ಬರಿಗೈ ತಾಗಿದರೆ ಗಾಯವಾಗುತ್ತದೆ, ನಿಜ. ಗ್ಲೌಸ್ ತಾಗಿದರೆ ಅದು ಬಟ್ಟೆಯನ್ನು ಹಿಡಿದು ಸುತ್ತಿಕೊಳ್ಳುತ್ತದೆ, ಬೆರಳಿನ ಜೊತೆ ಕೈಯೂ ಹೋಗುತ್ತದೆ. ಚೂಪು ಅಂಚಿನ ಕಚ್ಚಾ ಮಾಲು ಎತ್ತಿಡುವಾಗ ಗ್ಲೌಸ್ ಹಾಕಿ. ಸ್ಪಿಂಡಲ್ ಸುತ್ತುವ ಮೊದಲು ತೆಗೆಯಿರಿ. ಉಂಗುರ, ಬಳೆ, ಕೈಗೆ ಕಟ್ಟಿದ ದಾರ, ಕೊರಳಿಂದ ಜೋತಾಡುವ ಐಡಿ ಕಾರ್ಡ್, ಚಳಿಗೆ ಸುತ್ತಿದ ಮಫ್ಲರ್ ಎಲ್ಲಕ್ಕೂ ಇದೇ ನಿಯಮ. ಆಯುಧಪೂಜೆಯ ದಿನ ಮೆಷಿನ್‌ಗೆ ಹಾಕಿದ ಹೂವಿನ ಹಾರವನ್ನೂ ಮರುದಿನ ಸ್ಪಿಂಡಲ್ ಆನ್ ಮಾಡುವ ಮೊದಲು ತೆಗೆದಿಡಿ, ದಾರ ಸುತ್ತಿಕೊಳ್ಳಲು ಅದೂ ಸಾಕು.

ಲೇತ್‌ನಲ್ಲಿ ಜಾಬ್ ಸುತ್ತುತ್ತಿರುವಾಗ ಎಮರಿ ಪೇಪರ್ ಅನ್ನು ಬೆರಳಿಗೆ ಸುತ್ತಿ ಹಿಡಿದು ಪಾಲಿಶ್ ಮಾಡುವುದು ಕೆಲವೆಡೆ ನಿತ್ಯದ ಪದ್ಧತಿ. ಬೆರಳು ಹೋಗುವ ದಾರಿಗಳಲ್ಲಿ ಅದೂ ಒಂದು. ಬಾಗಿಲು ತೆರೆದಿದ್ದರೂ ಮೆಷಿನ್ ಓಡಲಿ ಎಂದು ಬಾಗಿಲಿನ ಸ್ವಿಚ್‌ಗೆ ಬೇರೊಂದು ಕೀಲಿ ಸಿಕ್ಕಿಸಿಡುವುದನ್ನೂ ಕಾಣುತ್ತೇವೆ. ಉತ್ಪಾದನೆ ಸ್ವಲ್ಪ ಬೇಗ ಆಗಬಹುದು, ಒಪ್ಪೋಣ. ಆದರೆ ಮೇಲೆ ಹೇಳಿದ ಹಾರುವ ಜಾಬ್‌ಗೂ ನಿಮಗೂ ನಡುವೆ ಇದ್ದದ್ದು ಆ ಬಾಗಿಲೊಂದೇ. ಚಿಪ್ಸ್ ತೆಗೆಯಲು ಕೊಕ್ಕೆ ಅಥವಾ ಬ್ರಶ್ ಬಳಸಿ, ಮೆಷಿನ್ ನಿಲ್ಲಿಸಿ. ಏರ್ ಗನ್ ಹಿಡಿದು ಊದಿದರೆ ಲೋಹದ ಚೂರು ಕಣ್ಣಿಗೂ ಹಾರುತ್ತದೆ, ಮೆಷಿನ್‌ನ ಸಂದುಗಳಿಗೂ ನುಗ್ಗುತ್ತದೆ.

ಕೂಲೆಂಟ್‌ನಿಂದ ಕೈಗೆ ಬರುವ ತುರಿಕೆ, ಬಿರುಕು 'ಹೊಸದರಲ್ಲಿ ಎಲ್ಲರಿಗೂ ಬರುತ್ತದೆ, ಹೋಗುತ್ತದೆ' ಎನ್ನುತ್ತಾರೆ. ಅದು ಚರ್ಮದ ಉರಿಯೂತ, ಕೆಲವರಿಗೆ ಹೋಗುವುದೇ ಇಲ್ಲ. ನೀರು ಆವಿಯಾದಂತೆ ತೊಟ್ಟಿಯಲ್ಲಿ ಎಣ್ಣೆಯಂಶ ಹೆಚ್ಚುತ್ತದೆ, ಹಾಗಾಗಿ ಡಬ್ಬಿಯ ಮೇಲೆ ಹೇಳಿದ ಪ್ರಮಾಣವಿದೆಯೇ ಎಂದು ರಿಫ್ರ್ಯಾಕ್ಟೋಮೀಟರ್‌ನಲ್ಲಿ ಆಗಾಗ ನೋಡಬೇಕು. ಬೆರೆಸುವಾಗ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ಭಾನುವಾರ ನಿಂತು ಸೋಮವಾರ ಕೊಳೆತ ವಾಸನೆ ಬಂದರೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದೇ ಅರ್ಥ. ಕೈಯನ್ನು ಸೀಮೆಎಣ್ಣೆ, ಥಿನ್ನರ್‌ನಿಂದ ತೊಳೆಯಬೇಡಿ, ಅದು ಚರ್ಮದ ಉಳಿದ ಜಿಡ್ಡನ್ನೂ ತೆಗೆದು ತುರಿಕೆ ಹೆಚ್ಚಿಸುತ್ತದೆ. ಸೋಪು ನೀರು ಸಾಕು.

15 ದಿನದ ಕೋರ್ಸ್‌ಗೆ ಹಣ ಕಟ್ಟುವ ಮೊದಲು

ಐಟಿಐನಲ್ಲಿ ಟರ್ನರ್, ಮೆಷಿನಿಸ್ಟ್ ಟ್ರೇಡ್‌ಗಳು ಎರಡು ವರ್ಷದವು. ಸರ್ಕಾರಿ ಟೂಲ್ ರೂಮ್ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಮೇಲೆ ಕಾರ್ಖಾನೆಯಲ್ಲಿ ಒಂದು ವರ್ಷದ ತರಬೇತಿ ಇದೆ. 15 ದಿನದಲ್ಲಿ ಏನೂ ಬರುವುದಿಲ್ಲ ಎಂದು ನಾವು ಹೇಳುವುದಿಲ್ಲ. ಕೋಡ್ ಓದಲು, ಸಣ್ಣ ಪ್ರೋಗ್ರಾಮ್ ಬರೆಯಲು ಅಷ್ಟರಲ್ಲಿ ಬರಬಹುದು, ಹಳೆ ಲೇತ್‌ನಲ್ಲಿ ಪಳಗಿದ ಟರ್ನರ್‌ಗೆ ಇನ್ನೂ ಬೇಗ. ಏನನ್ನೂ ಕತ್ತರಿಸದವರಿಗೆ ಮಾತ್ರ ಅದು ಡ್ರೈವಿಂಗ್ ಅನ್ನು ಪುಸ್ತಕದಲ್ಲಿ ಓದಿದಂತೆ. ಸೇರುವ ಮೊದಲು ಕೇಳಿ: ನಿಜವಾದ ಮೆಷಿನ್ ಮೇಲೆ ನನ್ನ ಕೈಗೆ ಎಷ್ಟು ಗಂಟೆ ಸಿಗುತ್ತದೆ? ಸೊನ್ನೆ ಹಿಡಿಯುವುದು, ಆಫ್‌ಸೆಟ್ ತುಂಬುವುದು ನಾನೇ ಮಾಡಬಹುದೇ, ನೋಡುತ್ತಾ ನಿಲ್ಲಬೇಕೇ? ಯಾವ ಕಂಟ್ರೋಲ್? ಉತ್ತರ ಬರೀ ಕಂಪ್ಯೂಟರ್ ಪರದೆಯ ಸುತ್ತಲೇ ಇದ್ದರೆ ಹಣ ಉಳಿಸಿಕೊಳ್ಳಿ.

ಫೋನ್ ಈ ಕೆಲಸದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗಗಳೂ ಇವೆ. ಒಂದು, ಡ್ರಾಯಿಂಗ್. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ, 6 ಯಾವುದು 8 ಯಾವುದು ತಿಳಿಯದೆ 36ರ ಬದಲು 38ಕ್ಕೆ ಬೋರ್ ಆದರೆ ತಿದ್ದಲಾಗದು. ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ, ಗ್ರಾಹಕರ ಡ್ರಾಯಿಂಗ್ ಅನ್ನು ಗುಂಪುಗಳಿಗೆ ಹಾಕಬೇಡಿ. ಇನ್ನೊಂದು, ಸೆಟಪ್‌ನ ಫೋಟೊ. ಸೊನ್ನೆ ಯಾವ ಮೂಲೆಯಲ್ಲಿ, ಕ್ಲಾಂಪ್ ಎಲ್ಲಿ, ಯಾವ ಟೂಲ್ ಎಷ್ಟು ಹೊರಬಂದಿದೆ ಎಂದು ಕಾಗದದಲ್ಲಿ ಬರೆದು, ಅದರ ಜೊತೆ ಒಂದು ಫೋಟೊ ತೆಗೆದು ಮುಂದಿನ ಶಿಫ್ಟ್‌ನವರಿಗೆ ಕಳಿಸಿ. ಆರು ತಿಂಗಳ ನಂತರ ಅದೇ ಜಾಬ್ ಮತ್ತೆ ಬಂದಾಗಲೂ ಅದೇ ಫೋಟೊ ಕೆಲಸಕ್ಕೆ ಬರುತ್ತದೆ.